ಬೆರೆಸುವ ಕೈಗೆ ಅಳತೆಯಿರಲಿ

ಜ್ಞಾನಸ್ನಾನ, ಪ್ರಥಮ ಪರಮಪ್ರಸಾದ, ರೋಸ್, ಮದುವೆ, ಕ್ರಿಸ್ಮಸ್ ಎಂದು ನಮ್ಮ ಕುಟುಂಬಗಳಲ್ಲಿ ಸಂತೋಷಕೂಟಗಳಿಗೆ ಕೊರತೆಯಿಲ್ಲ. ದ್ರಾಕ್ಷಿಯನ್ನು ಭರಣಿಯಲ್ಲಿ ಹುದುಗಲಿಟ್ಟು, ಸೋಸಿ, ಕುಸ್ವಾರಿನ ತಟ್ಟೆಯೊಡನೆ ಅತಿಥಿಗಳ ಮುಂದಿಡುವ ವಾಡಿಕೆ ಕರಾವಳಿಯ ಕೆಥೋಲಿಕ ಮನೆಗಳಲ್ಲಿ ಹಿಂದಿನಿಂದಲೂ ನಡೆದುಬಂದಿದೆ. ಈಗ ಆ ಭರಣಿಯ ಪಕ್ಕದಲ್ಲಿ ಹೊಸತೊಂದು ಬಂದು ನಿಂತಿದೆ. ಮದ್ಯಕ್ಕೆ ಹಣ್ಣಿನ ರಸ, ಸಕ್ಕರೆ ಪಾಕ, ಸೋಡಾ ಮೊದಲಾದುವನ್ನು ಸೇರಿಸಿ ಮಾಡುವ ಕಾಕ್‌ಟೇಲ್ ಹೋಟೆಲುಗಳನ್ನು ದಾಟಿ ನಮ್ಮ ಅಡುಗೆಕೋಣೆಗಳಿಗೂ ಕಾಲಿಟ್ಟಿದೆ.

ಇಂತಹ ವಿಷಯವನ್ನು ಈ ಅಂಕಣದಲ್ಲಿ ಎತ್ತಿಕೊಳ್ಳುವುದು ಸರಿಯೇ ಎಂದು ಕೆಲವರು ಕೇಳಬಹುದು. ಕುಡಿಯದವರನ್ನು ಕುಡಿಯಿರೆಂದು ಕರೆಯುವ ಉದ್ದೇಶ ನಮಗಿಲ್ಲ. ಆದರೆ ಮನೆಗಳಲ್ಲಿ ನಡೆಯುತ್ತಿರುವುದನ್ನು ಕಂಡೂ ಕಾಣದಂತೆ ಇರುವುದಕ್ಕಿಂತ, ಅದನ್ನು ತಿಳಿದು, ಅಳೆದು, ಜವಾಬ್ದಾರಿಯಿಂದ ಮಾಡುವುದು ಮೇಲಲ್ಲವೆ? ಈ ಮಾತನ್ನು ನಾವು ಪುಸ್ತಕ ಓದಿ ಕಲಿತದ್ದಲ್ಲ. ನಮ್ಮದೇ ತಪ್ಪಿನಿಂದ ಕಲಿತೆವು.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಮಗುವೊಂದರ ಜ್ಞಾನಸ್ನಾನದ ಊಟವಿತ್ತು. ದೊಡ್ಡ ಗಾಜಿನ ಪಾತ್ರೆಯಲ್ಲಿ ಪಂಚ್ ಬೆರೆಸುವ ಕೆಲಸ ನಮ್ಮ ಪಾಲಿಗೆ ಬಂತು. ಅನಾನಸು, ಕಿತ್ತಳೆ, ಲಿಂಬೆಯ ರಸ, ಮೇಲಿಂದ ಧಾರಾಳ ಸಕ್ಕರೆ. ರಮ್ಮನ್ನು ಬಾಟಲಿಯಿಂದಲೇ ಸುರಿದೆವು. ಎಷ್ಟು ಸುರಿದಿರೆಂದು ಯಾರಾದರೂ ಕೇಳಿದ್ದರೆ ಉತ್ತರ ನಮ್ಮಲ್ಲಿರಲಿಲ್ಲ. ಗ್ಲಾಸುಗಳನ್ನು ಹಂಚುತ್ತಿದ್ದ ಹುಡುಗರು ನಮ್ಮ ದೊಡ್ಡಪ್ಪನ ಮಗನ ಕೈಗೂ ಒಂದನ್ನು ಕೊಟ್ಟರು. ಆ ಅಣ್ಣ ಬಹಳ ಕಷ್ಟಪಟ್ಟು ಕುಡಿತ ಬಿಟ್ಟು ಮೂರು ವರ್ಷಗಳಾಗಿದ್ದವು. ಹಣ್ಣಿನ ರಸವೆಂದು ತಿಳಿದು ಒಂದು ಗುಟುಕು ಕುಡಿದವರು ಹಾಗೆಯೇ ನಿಂತರು. ಗ್ಲಾಸನ್ನು ಮೇಜಿನ ಮೇಲಿಟ್ಟು, ಊಟಕ್ಕೂ ಕೂರದೆ ಹೊರಟುಹೋದರು. ಮರುದಿನ ಅತ್ತಿಗೆ ಬಂದರು. ಅವರು ಬೈಯಲಿಲ್ಲ. “ರಾತ್ರಿಯಿಡೀ ಅವರು ಕಣ್ಣು ಮುಚ್ಚಲಿಲ್ಲ. ಅದರಲ್ಲಿ ಏನಿದೆಯೆಂದು ನೀನು ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ” ಎಂದಷ್ಟೇ ಹೇಳಿದರು. ಅಣ್ಣ ಮತ್ತೆ ಆ ಹಾದಿ ಹಿಡಿಯಲಿಲ್ಲ. ಅದು ದೇವರ ಕೃಪೆ ಮತ್ತು ಅವರ ಮನೋಬಲ. ಅದರಲ್ಲಿ ನಮ್ಮದೇನೂ ಇಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಎರಡು ನಿಯಮಗಳಿವೆ. ಅಳೆಯದೆ ಬೆರೆಸಬಾರದು, ಹೇಳದೆ ಕೊಡಬಾರದು.

ಐದರಿಂದ ಬಂದ ಪಂಚ್

ಪಂಚ್ ಎಂಬ ಹೆಸರು ಇಂಗ್ಲಿಷಿನದೆಂದು ತೋರಿದರೂ, ಅದರ ಮೂಲ ನಮ್ಮ ‘ಪಂಚ’ವೇ ಎಂಬ ಅಭಿಪ್ರಾಯ ಬಹುಕಾಲದಿಂದ ಪ್ರಚಲಿತವಾಗಿದೆ. ಮದ್ಯ, ಸಕ್ಕರೆ, ಲಿಂಬೆ, ನೀರು, ಸಾಂಬಾರ ಪದಾರ್ಥ, ಹೀಗೆ ಐದು ಸೇರಿದ್ದರಿಂದ ಆ ಹೆಸರು ಬಂತೆನ್ನುತ್ತಾರೆ. 1632ರಷ್ಟು ಹಿಂದೆಯೇ ಭಾರತದಲ್ಲಿದ್ದ ಈಸ್ಟ್ ಇಂಡಿಯಾ ಕಂಪೆನಿಯವರ ಪತ್ರವೊಂದರಲ್ಲಿ ಪಂಚ್‌ನ ಉಲ್ಲೇಖವಿದೆ. 1638ರಲ್ಲಿ ಸೂರತ್ತಿಗೆ ಬಂದ ಜರ್ಮನ್ ಪ್ರವಾಸಿ ಮಾಂಡೆಲ್ಸ್‌ಲೊ ಅಲ್ಲಿನ ಇಂಗ್ಲಿಷರು ಮದ್ಯಕ್ಕೆ ಪನ್ನೀರು, ಲಿಂಬೆ ಜಾತಿಯ ಹಣ್ಣಿನ ರಸ ಹಾಗೂ ಸಕ್ಕರೆ ಸೇರಿಸಿ ಕುಡಿಯುತ್ತಿದ್ದುದನ್ನು ವರ್ಣಿಸಿದ್ದಾನೆ. ಇಲ್ಲಿಂದಲೇ ಅದು ಹಡಗು ಹತ್ತಿ ಯೂರೋಪು ಸೇರಿತು.

ಕಾಕ್‌ಟೇಲ್ ಅದಕ್ಕಿಂತ ಕಿರಿಯದು. 1806ರ ಮೇ 13ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದ ಪತ್ರಿಕೆಯೊಂದು ಓದುಗನ ಪ್ರಶ್ನೆಗೆ ಉತ್ತರವಾಗಿ ಕಾಕ್‌ಟೇಲ್ ಎಂದರೇನೆಂದು ವಿವರಿಸಿತು: ಯಾವುದೇ ಮದ್ಯ, ಸಕ್ಕರೆ, ನೀರು ಮತ್ತು ಬಿಟರ್ಸ್ ಎಂಬ ಕಹಿ ಸಾರ. 1862ರಲ್ಲಿ ಜೆರ್ರಿ ಥಾಮಸ್ ಇಂತಹ ಮಿಶ್ರಣಗಳ ಪುಸ್ತಕವನ್ನು ಪ್ರಕಟಿಸಿದನು. ಪಂಚ್ ಊರೆಲ್ಲ ಹಂಚಿಕೊಳ್ಳುವ ಪಾತ್ರೆಯಾದರೆ, ಕಾಕ್‌ಟೇಲ್ ಒಬ್ಬರಿಗೆಂದು ಮಾಡಿದ ಒಂದು ಗ್ಲಾಸು. ಎರಡರ ಗುಟ್ಟೂ ಒಂದೇ. ಹುಳಿ, ಸಿಹಿ, ಕಹಿ, ಖಾರ, ನೀರು ಇವು ಒಂದನ್ನೊಂದು ಮೀರದಂತೆ ನೋಡಿಕೊಳ್ಳಬೇಕು. ಸಾರಿಗೆ ಹುಳಿ, ಬೆಲ್ಲ ಹದವಾಗಿ ಹಾಕಲು ಬಲ್ಲ ನಮ್ಮ ತಾಯಂದಿರಿಗೆ ಇದು ಹೊಸ ವಿದ್ಯೆಯೇನಲ್ಲ.

ಮೂರು ಹದಗಳು

ಬೆಲೆಬಾಳುವ ಸಲಕರಣೆಗಳು ಬೇಕಿಲ್ಲ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಚಹಾ ಸೋಸುವ ಜಾಲರಿ, ಮಿಲಿಲೀಟರ್ ಗುರುತಿರುವ ಒಂದು ಸಣ್ಣ ಅಳತೆ ಲೋಟ ಇಷ್ಟಿದ್ದರೆ ಸಾಕು. ಸಕ್ಕರೆ ಮತ್ತು ನೀರನ್ನು ಸಮ ಪ್ರಮಾಣದಲ್ಲಿ ಕಾಯಿಸಿ, ಕರಗಿಸಿ, ಆರಿಸಿಟ್ಟರೆ ಪಾಕ ಸಿದ್ಧ.

ಮೊದಲನೆಯದು ಡೈಕಿರಿ. ಕ್ಯೂಬಾದ ಸಾಂತಿಯಾಗೊ ನಗರದ ಬಳಿಯಿರುವ ಗಣಿಯ ಊರಿನ ಹೆಸರು ಇದಕ್ಕೆ ಬಂದಿದೆ. ಬಿಳಿ ರಮ್ 45 ಮಿ.ಲೀ., ಆಗ ತಾನೆ ಹಿಂಡಿದ ಲಿಂಬೆರಸ 20 ಮಿ.ಲೀ., ಪಾಕ 20 ಮಿ.ಲೀ. ಇವನ್ನು ಡಬ್ಬಿ ತುಂಬ ಮಂಜುಗಡ್ಡೆಯೊಡನೆ ಹತ್ತು ಹನ್ನೆರಡು ಸೆಕೆಂಡು ಜೋರಾಗಿ ಕುಲುಕಿ ಸೋಸಬೇಕು. ಕುಲುಕುವಾಗ ಕರಗುವ ನೀರೂ ಈ ಪಾನೀಯದ ಒಂದು ಅಂಶವೇ. ಅದಿಲ್ಲದಿದ್ದರೆ ರುಚಿ ಒರಟಾಗುತ್ತದೆ.

ಎರಡನೆಯದು ಓಲ್ಡ್ ಫ್ಯಾಷನ್ಡ್. 1806ರ ವಿವರಣೆಗೆ ಇಂದಿಗೂ ನಿಷ್ಠವಾಗಿ ಉಳಿದಿರುವ ಪಾನೀಯವಿದು. ವಿಸ್ಕಿ 45 ಮಿ.ಲೀ., ಪಾಕ ಒಂದು ಚಮಚ, ಬಿಟರ್ಸ್ ಎರಡು ಮೂರು ಹನಿ. ಇದನ್ನು ಕುಲುಕಬಾರದು, ದೊಡ್ಡ ಮಂಜುಗಡ್ಡೆಯ ಮೇಲೆ ಚಮಚದಿಂದ ನಿಧಾನವಾಗಿ ಕಲಕಿ, ಕಿತ್ತಳೆ ಸಿಪ್ಪೆಯ ಚೂರನ್ನು ಹಿಂಡಿ ಹಾಕಬೇಕು.

ಮೂರನೆಯದು ಮನೆಮಂದಿಗೆಲ್ಲ ಒದಗುವ ಪಂಚ್. ಹುಳಿ ಒಂದು ಪಾಲು, ಸಿಹಿ ಎರಡು, ಮದ್ಯ ಮೂರು, ನೀರು ನಾಲ್ಕು ಎಂಬುದು ಕೆರಿಬಿಯನ್ ದ್ವೀಪಗಳ ಹಳೆಯ ಲೆಕ್ಕ. ಆರೇಳು ಲಿಂಬೆಹಣ್ಣುಗಳ ಹಸಿರು ಸಿಪ್ಪೆಯನ್ನು, ಒಳಗಿನ ಬಿಳಿಯ ಭಾಗ ಬಾರದಂತೆ ತೆಳುವಾಗಿ ಹೆರೆದು, ಸ್ವಲ್ಪ ಸಕ್ಕರೆಯಲ್ಲಿ ಹೊಸಕಿ ಎರಡು ಗಂಟೆ ಬಿಡಿ. ಸಿಪ್ಪೆಯ ಪರಿಮಳವೆಲ್ಲ ಸಕ್ಕರೆಗೆ ಇಳಿಯುತ್ತದೆ. ಅದಕ್ಕೆ ಲಿಂಬೆರಸ 250 ಮಿ.ಲೀ., ಪಾಕ 500 ಮಿ.ಲೀ., ರಮ್ 750 ಮಿ.ಲೀ., ಆರಿಸಿದ ಹಾಲಿಲ್ಲದ ಚಹಾ ಒಂದು ಲೀಟರ್ ಸೇರಿಸಿ, ಸೋಸಿ, ಮೇಲೆ ಜಾಯಿಕಾಯಿ ತೇಯಿರಿ. ಮಂಜುಗಡ್ಡೆಯನ್ನು ಸಣ್ಣ ತುಂಡುಗಳಾಗಿ ಹಾಕದೆ, ಬಟ್ಟಲಿನಲ್ಲಿ ಗಟ್ಟಿಗಟ್ಟಿಸಿದ ಒಂದೇ ದೊಡ್ಡ ಗಡ್ಡೆಯಾಗಿ ಹಾಕಿದರೆ ಅದು ನಿಧಾನವಾಗಿ ಕರಗುತ್ತದೆ. ಒಟ್ಟು ಎರಡೂವರೆ ಲೀಟರ್, 125 ಮಿ.ಲೀ.ಯಂತೆ ಇಪ್ಪತ್ತು ಗ್ಲಾಸು. ಒಂದೊಂದು ಗ್ಲಾಸಿನಲ್ಲಿ 37.5 ಮಿ.ಲೀ. ರಮ್ ಇರುತ್ತದೆ. ನಾವಾದರೋ ಈಗ ರಮ್ಮನ್ನು ಅರ್ಧಕ್ಕಿಳಿಸಿ, ಅಷ್ಟೇ ಚಹಾವನ್ನು ಹೆಚ್ಚಿಸುತ್ತೇವೆ. ರುಚಿ ಕಡಮೆಯಾಯಿತೆಂದು ಈವರೆಗೆ ಯಾರೂ ದೂರಿಲ್ಲ.

ಸಿಹಿಯ ಹಿಂದೆ ಅಡಗಿದ್ದು

ಇಷ್ಟೆಲ್ಲ ಅಳತೆಯನ್ನು ಹೇಳುವುದು ರುಚಿಗಾಗಿ ಮಾತ್ರವಲ್ಲ. ಬರಿಯ ವಿಸ್ಕಿಯ ಖಾರ ಕುಡಿಯುವವನನ್ನು ತಾನೇ ಎಚ್ಚರಿಸುತ್ತದೆ. ಕಾಕ್‌ಟೇಲಿನಲ್ಲಿಯಾದರೋ ಹುಳಿ ಸಿಹಿಗಳು ಆ ಖಾರವನ್ನು ಮುಚ್ಚಿಬಿಡುತ್ತವೆ. ಬಾಯಿಗೆ ಶರಬತ್ತು, ಒಡಲಿಗೆ ಮದ್ಯ. ಆದ್ದರಿಂದ ಕುಡಿಯುವವರಿಗೆ ತಿಳಿಯದ ಲೆಕ್ಕವನ್ನು ಬೆರೆಸುವವರು ಇಟ್ಟುಕೊಳ್ಳಲೇಬೇಕಾಗುತ್ತದೆ.

ಲೆಕ್ಕ ಕಷ್ಟದ್ದಲ್ಲ. ನಮ್ಮ ದೇಶದ ರಮ್, ವಿಸ್ಕಿಗಳಲ್ಲಿ ಸಾಮಾನ್ಯವಾಗಿ ಶೇಕಡಾ 42.8ರಷ್ಟು ಆಲ್ಕೊಹಾಲ್ ಇರುತ್ತದೆ. 30 ಮಿ.ಲೀ.ಯ ಒಂದು ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಆಯಿತು. ಇದನ್ನು ಕರಗಿಸಲು ಯಕೃತ್ತಿಗೆ ಒಂದು ಗಂಟೆ ಅಥವಾ ಇನ್ನೂ ಹೆಚ್ಚು ಹೊತ್ತು ಬೇಕು. ಕಾಫಿಯಾಗಲಿ, ತಣ್ಣೀರ ಸ್ನಾನವಾಗಲಿ, ಮಜ್ಜಿಗೆಯಾಗಲಿ ಆ ಕೆಲಸವನ್ನು ಬೇಗ ಮುಗಿಸಲಾರವು. ಮೂರು ಗ್ಲಾಸು ಕುಡಿದು, ಮುಖ ತೊಳೆದು, ಸ್ಕೂಟರ್ ಹತ್ತುವ ಅತಿಥಿಯನ್ನು ಗೇಟಿನವರೆಗೆ ಬಂದು ಬೀಳ್ಕೊಡುವ ನಾವು ಅವನಿಗೆ ಏನು ಮಾಡಿದಂತಾಯಿತು? ನೂರು ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿದರೆ ವಾಹನ ಚಲಾಯಿಸುವುದು ಅಪರಾಧವೆಂದು 1988ರ ಮೋಟಾರು ವಾಹನಗಳ ಕಾಯಿದೆ ಹೇಳುತ್ತದೆ. ಧರ್ಮಸಭೆಯ ಮಾತು ಇನ್ನೂ ಕಟುವಾಗಿದೆ. ಕುಡಿದು ರಸ್ತೆಯಲ್ಲಿ ತನ್ನ ಹಾಗೂ ಪರರ ಜೀವವನ್ನು ಅಪಾಯಕ್ಕೊಡ್ಡುವುದು ಗಂಭೀರ ದೋಷವೆಂದು 1992ರಲ್ಲಿ ಹೊರಬಂದ ಕೆಥೋಲಿಕ ಧರ್ಮೋಪದೇಶ ಗ್ರಂಥದ 2290ನೆಯ ಪರಿಚ್ಛೇದ ಸಾರುತ್ತದೆ. ಆರೋಗ್ಯದ ದೃಷ್ಟಿಯಿಂದ ಸಂಪೂರ್ಣ ನಿರಪಾಯವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಹೇಳಿದೆ.

ಪವಿತ್ರ ಗ್ರಂಥ ದ್ರಾಕ್ಷಾರಸವನ್ನು ಶಪಿಸುವುದಿಲ್ಲ. ಸಿರಾಖನ ಗ್ರಂಥದ 31ನೆಯ ಅಧ್ಯಾಯ ಅದನ್ನು ಮಾನವನ ಹರ್ಷಕ್ಕಾಗಿ ಕೊಟ್ಟ ವರವೆಂದೇ ಕಾಣುತ್ತದೆ. ಆದರೆ ಅಳತೆ ಮೀರಿದೊಡನೆ ಅದೇ ವರ ಕಹಿಯಾಗಿ, ಜಗಳವಾಗಿ ಪರಿಣಮಿಸುವುದನ್ನೂ ಮುಚ್ಚಿಡದೆ ಹೇಳುತ್ತದೆ.

ಮಠವಾಸಿಗಳ ಅಳತೆ

ಇಲ್ಲಿ ಒಂದು ಸಂಗತಿಯನ್ನು ನೆನೆಯಬೇಕು. ಫ್ರಾನ್ಸಿನ ಗ್ರೆನೋಬ್ಲ್ ನಗರದ ಬಳಿಯ ಪರ್ವತಗಳಲ್ಲಿ ಸಂತ ಬ್ರೂನೊ 1084ರಲ್ಲಿ ಸ್ಥಾಪಿಸಿದ ಕಾರ್ತೂಸಿಯನ್ ಮಠವಿದೆ. ಮೌನ ಮತ್ತು ಏಕಾಂತ ಅಲ್ಲಿನ ಮಠವಾಸಿಗಳ ವ್ರತ. 1605ರಲ್ಲಿ ಅವರ ಸಭೆಗೆ ದೊರೆತ ಹಸ್ತಪ್ರತಿಯೊಂದರಿಂದ ಬೆಳೆದುಬಂದದ್ದು ಶಾರ್ತ್ರೂಸ್ ಎಂಬ ಮದ್ಯ. ಇದಕ್ಕೆ 130 ಬಗೆಯ ಗಿಡಮೂಲಿಕೆಗಳು ಬೇಕು. ಅವುಗಳ ಪೂರ್ಣ ಪಾಕವಿಧಾನ ಮಠದ ಹೊರಗೆ ಯಾರಿಗೂ ತಿಳಿಯದು. ಇತ್ತೀಚೆಗೆ ಕಾಕ್‌ಟೇಲುಗಳ ಕಾರಣದಿಂದಲೇ ಜಗತ್ತಿನಾದ್ಯಂತ ಇದಕ್ಕೆ ಬೇಡಿಕೆ ಏರಿತು. ವ್ಯಾಪಾರಿಯಾದವನು ಇನ್ನಷ್ಟು ಮಾಡಿ ಮಾರುತ್ತಿದ್ದನು. ಮಠವಾಸಿಗಳು ಉತ್ಪಾದನೆಯನ್ನು ಹೆಚ್ಚಿಸುವುದಿಲ್ಲವೆಂದು ತೀರ್ಮಾನಿಸಿದ ಸುದ್ದಿ 2023ರಲ್ಲಿ ಹೊರಬಿತ್ತು. ತಮ್ಮ ಮೊದಲ ಕೆಲಸ ಪ್ರಾರ್ಥನೆ, ಅದರ ವೇಳೆಯನ್ನು ಕಾಪಾಡಬೇಕು ಎಂಬುದೇ ಅವರು ಕೊಟ್ಟ ಮುಖ್ಯ ಕಾರಣ. ಮದ್ಯ ತಯಾರಿಸುವವರೇ ತಮ್ಮ ಕೈಗೆ ಹೀಗೊಂದು ಮಿತಿ ಹಾಕಿಕೊಂಡರೆ, ಮನೆಯಲ್ಲಿ ಬೆರೆಸುವ ನಮಗೆ ಒಂದು ಮಿತಿ ಕಷ್ಟವೆ?

ಕುಡಿಯದವರ ಗ್ಲಾಸು

ನಮ್ಮ ಕೂಟಗಳಲ್ಲಿ ಕುಡಿಯದವರಿಗೆ ಏನು ಸಿಗುತ್ತದೆ? ಹೆಚ್ಚೆಂದರೆ ಪ್ಲಾಸ್ಟಿಕ್ ಲೋಟದಲ್ಲಿ ಬಣ್ಣದ ಸೋಡಾ, ಜತೆಗೆ ‘ಸ್ವಲ್ಪ ತೆಗೆದುಕೊಳ್ಳಿ, ಏನೂ ಆಗುವುದಿಲ್ಲ’ ಎಂಬ ಒತ್ತಾಯ. ಹೊಸತನ್ನು ಸೃಷ್ಟಿಸುವ ಜಾಣ್ಮೆ ಇರುವವರು ಅದನ್ನು ಮೊದಲು ಇಲ್ಲಿ ತೋರಿಸಬೇಕು.

ಕರಾವಳಿಯಲ್ಲಿ ಪುನರ್ಪುಳಿಯಿದೆ. ಒಣಗಿದ ಹತ್ತು ಹನ್ನೆರಡು ಸಿಪ್ಪೆಗಳನ್ನು ಅರ್ಧ ಲೀಟರ್ ಬಿಸಿ ನೀರಿನಲ್ಲಿ ಎರಡು ಗಂಟೆ ನೆನೆಸಿ, ಕಿವುಚಿ ಸೋಸಿ. ಬೆಲ್ಲದ ಪಾಕ, ಒಂದು ಚಮಚ ಶುಂಠಿರಸ, ಚಿಟಿಕೆ ಉಪ್ಪು, ಹುರಿದು ಪುಡಿಮಾಡಿದ ಜೀರಿಗೆ ಸೇರಿಸಿ. ಈ ರಸ 60 ಮಿ.ಲೀ.ಗೆ ತಣ್ಣನೆಯ ಸೋಡಾ 120 ಮಿ.ಲೀ. ಸುರಿದರೆ ಮಾಣಿಕ್ಯದ ಬಣ್ಣದ ಪಾನೀಯವೊಂದು ಸಿದ್ಧವಾಗುತ್ತದೆ. ಮೇಲೆ ಹೇಳಿದ ಪಂಚನ್ನೂ ರಮ್ ಬಿಟ್ಟು, ಅದರ ಬದಲು ಶುಂಠಿ ಕುದಿಸಿದ ಚಹಾ ಹಾಕಿ ಮಾಡಬಹುದು. ಅದೇ ಗ್ಲಾಸು, ಅದೇ ಮಂಜುಗಡ್ಡೆ, ಅದೇ ಲಿಂಬೆ ಸಿಪ್ಪೆಯ ಸುರುಳಿ ಇರಲಿ. ಕೈಯಲ್ಲಿ ಹಿಡಿದವರು ಯಾರಿಗೂ ಕಾರಣ ವಿವರಿಸಬೇಕಾಗಿ ಬಾರದು. ಆದರೆ ಬಿಟರ್ಸನ್ನು ಇದಕ್ಕೆ ಒಂದು ಹನಿಯೂ ಹಾಕಬಾರದು. ಪ್ರಸಿದ್ಧವಾದ ಅಂಗೋಸ್ತುರಾ ಬಿಟರ್ಸಿನಲ್ಲಿ ಶೇಕಡಾ 44.7ರಷ್ಟು ಆಲ್ಕೊಹಾಲ್ ಇದೆ. ಕುಡಿತ ಬಿಟ್ಟವರಿಗೆ ಆ ಹನಿಯೂ ಸಣ್ಣದಲ್ಲ.

ಎರಡು ಪಾತ್ರೆಗಳನ್ನು ಎರಡು ಬೇರೆ ಮೇಜುಗಳ ಮೇಲಿಡಿ. ಯಾವುದರಲ್ಲಿ ಏನಿದೆಯೆಂದು ದೊಡ್ಡ ಅಕ್ಷರಗಳಲ್ಲಿ ಚೀಟಿ ಅಂಟಿಸಿ. ಮದ್ಯವಿರುವ ಪಾತ್ರೆಯ ಬಳಿ ಹಿರಿಯರೊಬ್ಬರು ನಿಲ್ಲಲಿ. ಮಕ್ಕಳ ಕೈಯಲ್ಲಿ ಹಂಚಿಸುವುದು ಬೇಡ. ವಾಹನ ನಡೆಸುವವರು ಯಾರೆಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಊಟವನ್ನು ತಡಮಾಡಬೇಡಿ.

ಕಾನಾ ಊರಿನ ಮದುವೆಯ ಪ್ರಸಂಗವನ್ನು ಕುಡಿತದ ಸಮರ್ಥನೆಗೆಂದು ನಮ್ಮಲ್ಲಿ ಆಗಾಗ ಎಳೆದು ತರುವುದುಂಟು. ಸಂತ ಯೊವಾನ್ನರ ಶುಭಸಂದೇಶವನ್ನು ಸಮಾಧಾನದಿಂದ ಓದಿದರೆ ಬೇರೆಯೇ ಒಂದು ಕಾಣುತ್ತದೆ. ಆರು ಕಲ್ಲಿನ ಬಾನಿಗಳು ತುಂಬುವ ಮೊದಲು, ಅತಿಥೇಯರ ಕೊರತೆಯನ್ನು ಸದ್ದಿಲ್ಲದೆ ಗಮನಿಸಿದವರು ಮಾತೆ ಮರಿಯಾ. ಅವರು ಯಾರನ್ನೂ ನಾಚಿಸಲಿಲ್ಲ. ಹೇಳಬೇಕಾದವರಿಗೆ ಮಾತ್ರ ಹೇಳಿದರು. ಆತಿಥ್ಯವೆಂಬುದು ಸುರಿಯುವ ಕೈಗಿಂತ ಮೊದಲು, ಗಮನಿಸುವ ಆ ಕಣ್ಣಿನಲ್ಲಿದೆ.

ಮುಂದಿನ ಕ್ರಿಸ್ಮಸ್ಸಿಗೆ ಅಣ್ಣ, ಅತ್ತಿಗೆ ಇಬ್ಬರೂ ನಮ್ಮ ಮನೆಗೆ ಬಂದರು. ಅಣ್ಣ ಪಾತ್ರೆಯ ಮೇಲಿನ ಚೀಟಿಯನ್ನು ಓದಿ, ಪುನರ್ಪುಳಿಯ ಗ್ಲಾಸನ್ನು ತಾವೇ ತುಂಬಿಕೊಂಡರು. ಊಟಕ್ಕೂ ಕುಳಿತರು.