ಅಜ್ಜಿ ಮನೆ ದೂರ, ಎದುರು ಮನೆ ಹತ್ತಿರ

ಒಲೆಯ ಮೇಲೆ ಹಾಲು ಉಕ್ಕುವುದಕ್ಕೂ, ಕುಕ್ಕರ್ ಮೂರನೇ ಸೀಟಿ ಹೊಡೆಯುವುದಕ್ಕೂ, ಕೆಳಗೆ ಕಸದ ಗಾಡಿಯವನು ಕೂಗುವುದಕ್ಕೂ, ಮಗು ‘ಅಮ್ಮಾ, ಕಕ್ಕ’ ಎನ್ನುವುದಕ್ಕೂ ಒಂದೇ ಮುಹೂರ್ತ! ನಿಮ್ಮ ಮನೆಯಲ್ಲೂ ಹೀಗೇನಾ? ಹಾಗಾದರೆ ಬನ್ನಿ, ಕೂತ್ಕೊಳ್ಳಿ. ಮಗು ಮಲಗಿರುವ ಈ ಅರ್ಧ ಗಂಟೆಯಲ್ಲಿ ಒಂದಿಷ್ಟು ಮಾತಾಡೋಣ.

ನನ್ನ ತವರು ಸಾಗರದ ಹತ್ತಿರದ ಹಳ್ಳಿ. ಬೆಂಗಳೂರಿನಲ್ಲಿ ರಾತ್ರಿ ತಾಳಗುಪ್ಪದ ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿ. ಹೇಳುವುದಕ್ಕೆ ಒಂದೇ ರಾತ್ರಿಯ ದಾರಿ. ಆದರೆ ಮಧ್ಯರಾತ್ರಿ ಮಗುವಿಗೆ ಜ್ವರ ಬಂದಾಗ ಆ ಒಂದು ರಾತ್ರಿ ಎಷ್ಟು ಉದ್ದ ಎನ್ನುವುದು ಅನುಭವಿಸಿದವರಿಗೇ ಗೊತ್ತು. ನಾವೆಲ್ಲ ಚಿಕ್ಕವರಿದ್ದಾಗ ಒಬ್ಬರ ಸೊಂಟದಿಂದ ಇನ್ನೊಬ್ಬರ ಸೊಂಟಕ್ಕೆ ದಾಟಿಕೊಂಡೇ ಬೆಳೆದವರು. ಅಜ್ಜಿ ಎಣ್ಣೆ ತಿಕ್ಕಿ ನೀರು ಹಾಕಿದರೆ, ಅತ್ತೆ ಕಾಗೆ ಗುಬ್ಬಿ ತೋರಿಸಿ ಊಟ ಮಾಡಿಸುತ್ತಿದ್ದಳು. ಹಾಗಂತ ತುಂಬಿದ ಮನೆ ಸ್ವರ್ಗವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಅಲ್ಲೂ ಸೊಸೆಯಂದಿರು ಬಚ್ಚಲಲ್ಲಿ ಅತ್ತಿದ್ದಾರೆ. ಆದರೆ ಅಳುವಷ್ಟು ಹೊತ್ತು ಮಗುವನ್ನು ಹಿಡಿದುಕೊಳ್ಳಲು ಒಬ್ಬರಾದರೂ ಇರುತ್ತಿದ್ದರು. ಇಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಎಂಟೂವರೆಗೆ ನಮ್ಮವರು ಬಾಗಿಲು ಎಳೆದುಕೊಂಡು ಹೋದರೆ, ರಾತ್ರಿ ಎಂಟರವರೆಗೆ ನಾನು ಮತ್ತು ಪುಟ್ಟಿ. ಅವಳಿಗೆ ನಾನು, ನನಗೆ ಅವಳು!

ಆ ರಾತ್ರಿ

ಪುಟ್ಟಿಗೆ ಆಗ ಒಂದು ವರ್ಷ ಎಂಟು ತಿಂಗಳು. ನಮ್ಮವರು ಆಫೀಸ್ ಕೆಲಸಕ್ಕೆಂದು ಚೆನ್ನೈಗೆ ಹೋಗಿದ್ದರು. ಸಂಜೆಯಿಂದ ಮಗುವಿನ ಮೈ ಬಿಸಿ. ಥರ್ಮಾಮೀಟರ್ ತೆಗೆದರೆ ಅದರ ಸೆಲ್ ಮುಗಿದಿತ್ತು. ಅಮ್ಮನಿಗೆ ಫೋನ್ ಮಾಡಿದೆ, ‘ಹಲ್ಲು ಬರ್ತಿರಬೇಕು, ಬಿಡು’ ಅಂದಳು. ಅತ್ತೆಗೆ ಮಾಡಿದೆ, ‘ದೃಷ್ಟಿ ಆಗಿರ್ಬೇಕು, ಉಪ್ಪು ಮೆಣಸಿನಕಾಯಿ ಸುಳಿಸು’ ಅಂದರು. ರಾತ್ರಿ ಹನ್ನೊಂದೂವರೆ ಹೊತ್ತಿಗೆ ಇದ್ದಕ್ಕಿದ್ದಂತೆ ಮಗುವಿನ ಕಣ್ಣು ಮೇಲೆ ಸಿಕ್ಕಿಕೊಂಡಿತು. ಕೈಕಾಲು ಸೆಟೆದು ಅದುರತೊಡಗಿದವು. ಕರೆದರೆ ಓಗೊಡಲಿಲ್ಲ.

ನನಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಯಾವಾಗಲೋ ಕೇಳಿದ ಮಾತು ನೆನಪಾಗಿ, ಹಲ್ಲು ಕಚ್ಚದಿರಲಿ ಎಂದು ಸ್ಟೀಲ್ ಚಮಚ ಹಿಡಿದುಕೊಂಡೆ. ಮಗುವನ್ನು ಎತ್ತಿಕೊಂಡು ಎದುರು ಮನೆಯ ಬಾಗಿಲು ಬಡಿದೆ. ಆ ಮನೆಯವರ ಹೆಸರು ನನಗೆ ಗೊತ್ತಿರಲಿಲ್ಲ ಎಂದರೆ ನಂಬುತ್ತೀರಾ? ಹದಿನಾಲ್ಕು ತಿಂಗಳು ಎದುರುಬದುರು ಇದ್ದೂ ಮೆಟ್ಟಿಲ ಮೇಲೆ ಒಂದು ನಗು, ಅಷ್ಟೇ.

ಬಾಗಿಲು ತೆಗೆದ ಆಂಟಿಗೆ ಅರವತ್ತರ ಮೇಲಿನ ವಯಸ್ಸು. ಮೊದಲು ಮಾಡಿದ್ದು ನನ್ನ ಕೈಯಿಂದ ಚಮಚ ಕಿತ್ತುಕೊಂಡಿದ್ದು. ‘ಬಾಯಿಗೆ ಏನೂ ಹಾಕ್ಬೇಡಮ್ಮ, ಹಲ್ಲು ಮುರಿಯುತ್ತೆ’ ಎನ್ನುತ್ತಲೇ ಪುಟ್ಟಿಯನ್ನು ಚಾಪೆಯ ಮೇಲೆ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿದರು. ‘ರೀ, ಗಡಿಯಾರ ನೋಡ್ಕೊಳ್ರಿ’ ಎಂದು ಅಂಕಲ್‌ಗೆ ಕೂಗಿದರು. ಬಾಯಿಂದ ಬಂದ ಜೊಲ್ಲನ್ನು ಸೆರಗಿನಿಂದ ಒರೆಸುತ್ತಾ ಕೂತರು. ಎರಡು ನಿಮಿಷಕ್ಕೆ ಸೆಳೆತ ನಿಂತಿತು. ನನಗದು ಎರಡು ಯುಗ! ಅಂಕಲ್ ಆಗಲೇ ಕೆಳಗಿಳಿದು ಆಟೊ ಹಿಡಿದಿದ್ದರು. ಆಂಟಿ ನೈಟಿಯ ಮೇಲೆ ಶಾಲು ಹೊದ್ದುಕೊಂಡು ನನ್ನ ಜೊತೆ ಆಸ್ಪತ್ರೆಗೆ ಬಂದೇಬಿಟ್ಟರು. ಅವರ ಮಗನಿಗೂ ಚಿಕ್ಕಂದಿನಲ್ಲಿ ಹೀಗೇ ಆಗಿತ್ತಂತೆ. ಆ ಮಗ ಈಗ ಬೇರೆ ಊರಲ್ಲಿ ಕೆಲಸದಲ್ಲಿದ್ದಾನೆ.

ಡಾಕ್ಟರು ಪರೀಕ್ಷೆ ಮಾಡಿ, ಇದು ಜ್ವರದಿಂದ ಬರುವ ಸೆಳೆತ ಎಂದರು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 2ರಿಂದ 5 ಮಕ್ಕಳಿಗೆ ಹೀಗಾಗುತ್ತದಂತೆ. ನೋಡುವುದಕ್ಕೆ ಜೀವವೇ ಹೋದಂತೆ ಕಂಡರೂ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ನಿಂತುಹೋಗುತ್ತದೆ, ಮಿದುಳಿಗೆ ತೊಂದರೆ ಆಗುವುದಿಲ್ಲ. ಸುಮಾರು ಮೂರರಲ್ಲಿ ಒಂದು ಮಗುವಿಗೆ ಇನ್ನೊಮ್ಮೆ ಬರಬಹುದು. ಜ್ವರದ ಔಷಧಿಯಿಂದ ಮಗುವಿಗೆ ಹಿತವಾಗುತ್ತದೆಯೇ ಹೊರತು ಸೆಳೆತ ಬಂದೇ ಬರುವುದಿಲ್ಲ ಎನ್ನುವ ಖಾತ್ರಿಯಿಲ್ಲ. ‘ನೀವು ಏನೋ ತಪ್ಪು ಮಾಡಿದ್ದಕ್ಕೆ ಬಂದಿದ್ದಲ್ಲಮ್ಮ’ ಎಂದು ಅವರು ಹೇಳಿದಾಗಲೇ ನನಗೆ ಅಳು ಬಂದಿದ್ದು.

‘ಡಿಸ್ಟರ್ಬ್ ಆಗುತ್ತೇನೋ ಅಂತ...’

ಮರುದಿನ ಆಂಟಿ ಗಂಜಿ ಮಾಡಿಕೊಂಡು ಬಂದರು. ‘ಇಷ್ಟು ದಿನ ಯಾಕಮ್ಮ ಒಂದು ಮಾತೂ ಆಡಿಸ್ಲಿಲ್ಲ?’ ಎಂದು ಕೇಳಿದರು. ‘ನಿಮಗೆ ಡಿಸ್ಟರ್ಬ್ ಆಗುತ್ತೇನೋ ಅಂತ’ ಎಂದೆ. ಅವರು ನಕ್ಕುಬಿಟ್ಟರು. ‘ನಾವೂ ಹಂಗೇ ಅಂದ್ಕೊಂಡಿದ್ವಿ. ಈಗಿನ ಕಾಲದವ್ರು, ವಯಸ್ಸಾದವ್ರು ಮೂಗು ತೂರಿಸಿದ್ರೆ ಇಷ್ಟ ಆಗಲ್ವೇನೋ ಅಂತ.’

ನೋಡಿ, ಎರಡೂ ಮನೆಯ ಬಾಗಿಲು ಹಾಕಿಸಿದ್ದು ಜಂಬವಲ್ಲ, ಸಂಕೋಚ. ಒಂದು ಕಡೆ ಮಗುವನ್ನು ಹಿಡಿದುಕೊಳ್ಳುವವರಿಲ್ಲದ ನಾನು, ಇನ್ನೊಂದು ಕಡೆ ಎತ್ತಿಕೊಳ್ಳಲು ಮಗುವಿಲ್ಲದ ಅವರು. ನಡುವೆ ನಾಲ್ಕು ಅಡಿ ಪ್ಯಾಸೇಜ್!

ಅದಕ್ಕೇ ಗೆಳತಿಯರೇ, ನನ್ನ ಮೊದಲ ಸಲಹೆ ಇದು: ಸಹಾಯ ಬೇಕಾಗುವ ಮೊದಲೇ ಬಾಗಿಲು ತಟ್ಟಿ. ಏನೂ ನೆಪ ಇಲ್ಲವೇ? ಹೆಪ್ಪು ಹಾಕಲು ಒಂದು ಚಮಚ ಮೊಸರು ಕೇಳಿ. ನಮ್ಮಲ್ಲಿ ತಂದ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು ಅಂತ ಇದೆಯಲ್ಲ, ಆ ಪದ್ಧತಿ ಮಾಡಿದವರು ಬಹಳ ಜಾಣರು. ಬಟ್ಟಲು ಒಮ್ಮೆ ಹೋಗಿ ಬಂದರೆ ಸಾಕು, ಆಮೇಲೆ ಅದು ನಿಲ್ಲುವುದೇ ಇಲ್ಲ. ನಮ್ಮ ಮನೆಯ ಒಂದೆಲಗದ ತಂಬುಳಿ ಈಗ ಎದುರು ಮನೆಯಲ್ಲೂ ಆಗುತ್ತದೆ, ಅವರ ಬಸ್ಸಾರು ನಮ್ಮಲ್ಲಿ.

ಹಾಗಂತ ಪರಿಚಯವಾದ ಮಾರನೇ ದಿನವೇ ಮಗುವನ್ನು ಒಪ್ಪಿಸಿಬಿಡಬೇಡಿ. ಮೊದಮೊದಲು ನೀವೂ ಜೊತೆಯಲ್ಲಿರಿ. ನಂತರ ಬಟ್ಟೆ ಒಣಗಿಸಿ ಬರುವಷ್ಟು ಹೊತ್ತು, ಆಮೇಲೆ ಅಂಗಡಿಗೆ ಹೋಗಿ ಬರುವಷ್ಟು ಹೊತ್ತು ಬಿಡಿ. ಆ ಮನೆಗೆ ಯಾರು ಯಾರು ಬಂದು ಹೋಗುತ್ತಾರೆ ಎನ್ನುವುದನ್ನೂ ಗಮನಿಸಿ. ಮಗು ಹೋಗಲು ಹಟ ಮಾಡಿ ಅತ್ತರೆ ಒತ್ತಾಯ ಬೇಡ. ಅವರ ಬಿಡುವನ್ನೂ ನೋಡಿಕೊಳ್ಳಿ. ದಿನಾ ಬಿಟ್ಟು ಹೋದರೆ ಅದು ಸ್ನೇಹವಲ್ಲ, ಸಂಬಳವಿಲ್ಲದ ಕೆಲಸ!

ಅಮ್ಮನ ಮಾತೋ, ಡಾಕ್ಟರ ಮಾತೋ?

ದೂರದಲ್ಲಿರುವ ಅಜ್ಜಿಯಂದಿರು ಫೋನಿನಲ್ಲೇ ಮನೆ ನಡೆಸುತ್ತಾರೆ. ಅಮ್ಮ ‘ಬಜೆ ತೇದು ನೆಕ್ಕಿಸು’ ಎಂದರೆ, ಅತ್ತೆ ‘ಮೂಗಿಗೆ ಎರಡು ಹನಿ ಎಣ್ಣೆ ಬಿಡು’ ಎನ್ನುತ್ತಾರೆ. ಡಾಕ್ಟರು ಎರಡೂ ಬೇಡ ಎನ್ನುತ್ತಾರೆ. ಯಾರ ಮನಸ್ಸನ್ನೂ ನೋಯಿಸದೆ ಇರುವುದು ಹೇಗೆ? ನಾನೊಂದು ಸೂತ್ರ ಮಾಡಿಕೊಂಡಿದ್ದೇನೆ. ಬಾಯಿ, ಮೂಗು, ಕಿವಿ, ಕಣ್ಣಿನ ಒಳಗೆ ಹೋಗುವುದು ಏನೇ ಇದ್ದರೂ ಡಾಕ್ಟರನ್ನು ಕೇಳಿಯೇ. ಸುಳಿಸಿ ಆಚೆ ಎಸೆಯುವುದಿದ್ದರೆ ಅತ್ತೆಯ ಮಾತೇ ಕೊನೆ. ದೃಷ್ಟಿ ತೆಗೆದರೆ ಮಗುವಿಗೆ ನಷ್ಟವಿಲ್ಲ, ಅತ್ತೆಗೆ ನೆಮ್ಮದಿ. ಆದರೆ ಆಸ್ಪತ್ರೆಗೆ ಹೋಗುವುದು ಅದಕ್ಕಾಗಿ ತಡವಾಗಬಾರದು, ಅಷ್ಟೇ.

ಇನ್ನೊಂದು ಮುಖ್ಯ ವಿಷಯ. ಜ್ವರದ ಪ್ಯಾರಾಸಿಟಮಾಲ್ ಔಷಧಿ ಡ್ರಾಪ್ಸ್ ರೂಪದಲ್ಲೂ, ಸಿರಪ್ ರೂಪದಲ್ಲೂ ಸಿಗುತ್ತದೆ. ಹೆಸರು ಒಂದೇ ಆದರೂ ಸತ್ವ ಬೇರೆ. ಸಾಮಾನ್ಯವಾಗಿ ಡ್ರಾಪ್ಸ್‌ನ 1 ಎಂ.ಎಲ್.ನಲ್ಲೇ 100 ಮಿಲಿಗ್ರಾಂ ಔಷಧಿ ಇದ್ದರೆ, ಸಿರಪ್‌ನ 5 ಎಂ.ಎಲ್.ನಲ್ಲಿ 120 ಅಥವಾ 250 ಮಿಲಿಗ್ರಾಂ ಇರುತ್ತದೆ. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಅನಾಹುತ! ಮಗುವಿನ ತೂಕಕ್ಕೆ ಎಷ್ಟು ಎನ್ನುವುದನ್ನು ಡಾಕ್ಟರ ಕೈಯಲ್ಲೇ ಬರೆಸಿಕೊಳ್ಳಿ, ಪ್ರತಿ ಸಲ ಬಾಟಲಿಯ ಲೇಬಲ್ ಓದಿ. ಆಸ್ಪಿರಿನ್ ಅನ್ನಂತೂ ನೀವಾಗಿಯೇ ಮಕ್ಕಳಿಗೆ ಕೊಡಲೇಬೇಡಿ.

ಮೊಬೈಲ್ ಎಂಬ ಆಯಾ

ಅನ್ನ-ತೊವ್ವೆ ಕಲಸಿಕೊಂಡು ಕೂತರೆ ಪುಟ್ಟಿ ಬಾಯಿ ಬಿಡುವುದಿಲ್ಲ. ಮೊಬೈಲ್‌ನಲ್ಲಿ ಹಾಡು ಹಾಕಿದರೆ ತಟ್ಟೆ ಖಾಲಿ. ನಾನೂ ಆರೇಳು ತಿಂಗಳು ಹೀಗೇ ಉಣ್ಣಿಸಿದೆ, ಸುಳ್ಳು ಯಾಕೆ ಹೇಳಲಿ? ಆದರೆ ಮಗು ಏನು ತಿಂದೆ, ಎಷ್ಟು ತಿಂದೆ ಎನ್ನುವುದನ್ನೇ ನೋಡುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ ಎರಡು ವರ್ಷದೊಳಗೆ ಇಂಥ ಪರದೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಕಡಿಮೆಯಾದಷ್ಟೂ ಒಳ್ಳೆಯದು.

ಬಿಡಿಸುವುದು ಹೇಗೆ? ಮೊದಲ ಮೂರು ದಿನ ಮನೆಯಲ್ಲಿ ಕುರುಕ್ಷೇತ್ರ. ನಾನು ಪುಟ್ಟಿಗೂ ಒಂದು ಸಣ್ಣ ತಟ್ಟೆ ಕೊಟ್ಟು ನಮ್ಮ ಜೊತೆಗೇ ನೆಲದ ಮೇಲೆ ಕೂರಿಸಿದೆ. ಅರ್ಧ ಬಾಯಿಗೆ, ಅರ್ಧ ನೆಲಕ್ಕೆ. ಹಳೇ ಸೀರೆ ಹಾಸಿದರೆ ಒರೆಸುವ ಕೆಲಸವೂ ಉಳಿಯುತ್ತದೆ. ಒಂದು ಹೊತ್ತು ತಿನ್ನದಿದ್ದರೆ ಮುಂದಿನ ಹೊತ್ತಿಗೆ ತಾನಾಗಿಯೇ ಕೇಳುತ್ತಾಳೆ. ಕಡಲೆಬೀಜವನ್ನು ಇಡಿಯಾಗಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ದ್ರಾಕ್ಷಿಯನ್ನು ಉದ್ದುದ್ದಕ್ಕೆ ಸೀಳಿ ಕೊಡಿ. ಊರಿಂದ ಬಂದವರ ಕವಳದ ಚೀಲದಲ್ಲಿರುವ ಅಡಿಕೆ ಚೂರಿನ ಮೇಲೂ ಕಣ್ಣಿರಲಿ!

ಮೊಬೈಲ್‌ಗೆ ಒಂದೇ ರಿಯಾಯಿತಿ, ಅಜ್ಜಿಯ ವಿಡಿಯೊ ಕರೆ. ಪ್ರತಿದಿನ ಒಂದೇ ಹೊತ್ತಿಗೆ ಮಾಡಿ. ನಮ್ಮಲ್ಲಿ ಸಂಜೆ ಆರಕ್ಕೆ ಅಮ್ಮ ಕೊಟ್ಟಿಗೆಗೆ ಫೋನ್ ತೆಗೆದುಕೊಂಡು ಹೋಗಿ ಕರು ತೋರಿಸುತ್ತಾಳೆ. ಪುಟ್ಟಿ ಇಲ್ಲಿಂದಲೇ ‘ಅಂಬಾ’ ಎನ್ನುತ್ತಾಳೆ. ಊರಿಗೆ ಹೋದಾಗ ಮಗು ಅಜ್ಜಿಯನ್ನು ನೋಡಿ ಅಳದೆ ಕೈಚಾಚುವುದು ಈ ಹತ್ತು ನಿಮಿಷದ ಪುಣ್ಯ.

ನಿಮ್ಮನ್ನೂ ನೋಡಿಕೊಳ್ಳಿ

ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಒಂದು ಮಧ್ಯಾಹ್ನ ಪುಟ್ಟಿ ಒರೆಸಿದ ನೆಲದ ಮೇಲೆ ಇಡೀ ಎಣ್ಣೆ ಕ್ಯಾನ್ ಸುರಿದಾಗ ನಾನು ಅವಳಿಗೆ ಹೊಡೆದುಬಿಟ್ಟೆ. ಅವಳಿಗಿಂತ ಹೆಚ್ಚು ಅತ್ತವಳು ನಾನು. ಆ ಕೋಪ ಎಣ್ಣೆಯದ್ದಲ್ಲ, ನಾಲ್ಕು ದಿನದಿಂದ ದೊಡ್ಡವರೊಬ್ಬರ ಜೊತೆ ಮಾತಾಡದೆ ಇದ್ದದ್ದರದ್ದು ಎಂದು ಆಮೇಲೆ ಗೊತ್ತಾಯಿತು. ಅಂಥ ಹೊತ್ತಿನಲ್ಲಿ ಮಗುವನ್ನು ಸುರಕ್ಷಿತ ಜಾಗದಲ್ಲಿ ಕೂರಿಸಿ ಎರಡು ನಿಮಿಷ ಬಾಲ್ಕನಿಗೆ ಹೋಗಿ ನಿಲ್ಲಿ. ಅತ್ತರೂ ಪರವಾಗಿಲ್ಲ, ಮಗುವಿಗೆ ಏನೂ ಆಗುವುದಿಲ್ಲ.

ಗಂಡನಿಗೂ ಹೇಳಿ. ‘ಸಹಾಯ ಮಾಡಿ’ ಎಂದಲ್ಲ, ‘ರಾತ್ರಿಯ ಊಟ ನಿಮ್ಮದು, ಭಾನುವಾರದ ಸ್ನಾನ ನಿಮ್ಮದು’ ಎಂದು ಬಾಬತ್ತು ಹೇಳಿಯೇ ಕೊಡಿ. ಅಂಗಿ ಉಲ್ಟಾ ಹಾಕಿದರೂ ಸುಮ್ಮನಿರಿ. ತಿದ್ದುತ್ತಾ ಹೋದರೆ ಮಾರನೇ ವಾರ ಕೆಲಸ ನಿಮ್ಮ ತಲೆಗೇ! ಎರಡು ವಾರಕ್ಕೂ ಹೆಚ್ಚು ಕಾಲ ಮನಸ್ಸಿಗೆ ಯಾವುದೂ ಬೇಡವೆನಿಸಿದರೆ, ನಿದ್ದೆ ಬಾರದಿದ್ದರೆ, ಅದು ಸೋಮಾರಿತನವಲ್ಲ, ಡಾಕ್ಟರಿಗೆ ಹೇಳಿ. 2022ರಲ್ಲಿ ಶುರುವಾದ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಣವಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಫ್ರಿಜ್ ಬಾಗಿಲಿಗೆ ಅಂಟಿಸಿಡಿ

* ಎದುರು ಮನೆ, ಕೆಳಗಿನ ಮನೆ, ಮಕ್ಕಳ ಡಾಕ್ಟರು, ರಾತ್ರಿ ತೆರೆದಿರುವ ಹತ್ತಿರದ ಆಸ್ಪತ್ರೆಯ ನಂಬರ್‌ಗಳು. ಆಂಬುಲೆನ್ಸ್‌ಗೆ 108, ತುರ್ತು ಸಹಾಯಕ್ಕೆ 112.

* ಮಗುವಿನ ಈಗಿನ ತೂಕ ಮತ್ತು ಜ್ವರದ ಔಷಧಿಯ ಅಳತೆ.

* ಸೆಳೆತ ಬಂದರೆ: ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ, ಬಾಯಿಗೆ ಏನೂ ಹಾಕಬೇಡಿ, ಕೈಕಾಲು ಒತ್ತಿ ಹಿಡಿಯಬೇಡಿ. ಐದು ನಿಮಿಷ ದಾಟಿದರೆ ತಕ್ಷಣ ಆಸ್ಪತ್ರೆಗೆ. ಮೊದಲ ಸಲವಾದರೆ ಬೇಗ ನಿಂತರೂ ತೋರಿಸಲೇಬೇಕು.

* ವಾಂತಿ-ಭೇದಿಗೆ ಓ.ಆರ್.ಎಸ್. ಪೊಟ್ಟಣ. ಒಂದು ಲೀಟರ್‌ನ ದೊಡ್ಡ ಪೊಟ್ಟಣವಾದರೆ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಹಾಕಿ.

* ಲಸಿಕೆಯ ಕಾರ್ಡ್ ಎಲ್ಲಿದೆ ಎಂಬುದು. 16ರಿಂದ 24 ತಿಂಗಳ ನಡುವಿನ ಡಿ.ಪಿ.ಟಿ. ಬೂಸ್ಟರ್ ಮತ್ತು ದಡಾರ-ರುಬೆಲ್ಲಾದ ಎರಡನೇ ಡೋಸ್ ಊರು, ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಮರೆತುಹೋಗುತ್ತವೆ.

* ಥರ್ಮಾಮೀಟರ್‌ಗೆ ಒಂದು ಹೆಚ್ಚುವರಿ ಸೆಲ್!

ಪುಟ್ಟಿಗೆ ಈಗ ಎರಡೂವರೆ. ಬೆಳಿಗ್ಗೆ ಎದ್ದ ತಕ್ಷಣ ‘ಎದುಲಜ್ಜಿ’ ಎಂದು ಬಾಗಿಲು ಬಡಿಯುತ್ತಾಳೆ. ಇದನ್ನು ಫೋನಿನಲ್ಲಿ ಕೇಳಿದ ಅಮ್ಮನಿಗೆ ಸ್ವಲ್ಪ ಹೊಟ್ಟೆಕಿಚ್ಚು. ‘ಹಂಗಾರೆ ನಾನು ಯಾರು?’ ಎಂದು ಎರಡು ದಿನ ಮುನಿಸಿಕೊಂಡಿದ್ದಳು. ಮೊನ್ನೆ ಊರಿಂದ ಹಲಸಿನ ಹಪ್ಪಳದ ಡಬ್ಬಿ ಬಂತು. ಬಿಚ್ಚಿ ನೋಡಿದರೆ ಒಳಗೆ ಎರಡು ಕಟ್ಟು. ಒಂದರ ಮೇಲೆ ಅಮ್ಮನ ಸೊಟ್ಟ ಅಕ್ಷರದಲ್ಲಿ ಬರೆದಿತ್ತು: ‘ಎದುರು ಮನೆಯವರಿಗೆ’.