ಶುಭಸಂದೇಶ ಸಾರುವ ಹೊಣೆ ಯಾರದು?



ಪ್ರತಿ ವರ್ಷ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಕ್ಕೆ ಹಿಂದಿನ ಭಾನುವಾರವನ್ನು ಧರ್ಮಸಭೆಯು ವಿಶ್ವ ಪ್ರೇಷಿತ ಭಾನುವಾರವೆಂದು ಆಚರಿಸುತ್ತದೆ. 1926ರಲ್ಲಿ ಜಗದ್ಗುರು 11ನೇ ಪಯಸ್‌ರವರ ಕಾಲದಲ್ಲಿ ಈ ದಿನ ನಿಗದಿಯಾಯಿತು. ಅಂದು ಪೂಜೆಯಲ್ಲಿ ಪ್ರೇಷಿತಕಾರ್ಯದ ಬಗ್ಗೆ ಪ್ರಬೋಧನೆ ಕೇಳುತ್ತೇವೆ, ಹಂಚಿದ ಲಕೋಟೆಯಲ್ಲಿ ಶಕ್ತ್ಯಾನುಸಾರ ಕಾಣಿಕೆ ಹಾಕುತ್ತೇವೆ, ಮನೆಗೆ ಬರುತ್ತೇವೆ. ಅಲ್ಲಿಗೆ ಆ ವರ್ಷದ ಪ್ರೇಷಿತಕಾರ್ಯ ಮುಗಿಯಿತು! ಶುಭಸಂದೇಶ ಸಾರುವುದು ಗುರುಗಳ ಕೆಲಸ, ಕನ್ಯಾಸ್ತ್ರೀಯರ ಕೆಲಸ, ಹೆಚ್ಚೆಂದರೆ ಉಪದೇಶಿಯವರ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಭಯವೂ ಸೇರಿಕೊಂಡಿದೆ. ಮನೆಭೇಟಿಗೆ ಹೋದಲ್ಲಿ ಈ ಮಾತು ಬಂದರೆ, "ಈ ಕಾಲದಲ್ಲಿ ಅದೆಲ್ಲ ಯಾಕೆ ಸ್ವಾಮಿ, ನಮ್ಮ ಪಾಡಿಗೆ ನಾವು ಪೂಜೆಗೆ ಹೋಗಿಬಂದರೆ ಸಾಲದೇ?" ಎಂದು ಹಿರಿಯರೇ ಕೇಳುತ್ತಾರೆ.

ಸಾಲದು. ಯಾಕೆಂದರೆ ಈ ಹೊಣೆ ನಮಗೆ ಬಂದದ್ದು ಗುರುಪಟ್ಟದಿಂದಲ್ಲ, ಜ್ಞಾನಸ್ನಾನದಿಂದ. ಮಗುವಿನ ಜ್ಞಾನಸ್ನಾನವನ್ನು ಒಮ್ಮೆ ನೆನಪಿಗೆ ತಂದುಕೊಳ್ಳೋಣ. ತಲೆಯ ಮೇಲೆ ನೀರು ಸುರಿದಾದ ಮೇಲೆ ಗುರುಗಳು ಪವಿತ್ರ ತೈಲವನ್ನು ಲೇಪಿಸುತ್ತಾರೆ. ಯಾಜಕರೂ ಪ್ರವಾದಿಯೂ ರಾಜರೂ ಆದ ಕ್ರಿಸ್ತರಲ್ಲಿ ಆ ಮಗು ಪಾಲುಗೊಳ್ಳುತ್ತದೆ ಎಂಬುದು ಅದರ ಅರ್ಥ. ಆಮೇಲೆ ಮಗುವಿನ ಕಿವಿಯನ್ನೂ ಬಾಯಿಯನ್ನೂ ಮುಟ್ಟಿ ಪ್ರಾರ್ಥಿಸುವ ವಿಧಿಯೊಂದಿದೆ. ಕಿವಿ ದೇವರ ವಾಕ್ಯ ಕೇಳಲಿಕ್ಕೆ, ಬಾಯಿ ವಿಶ್ವಾಸವನ್ನು ಹೇಳಲಿಕ್ಕೆ. ಫೋಟೋ ತೆಗೆಯುವ ಗಡಿಬಿಡಿಯಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಮಾತು ಬಾರದ ಹಸುಗೂಸಿನ ತುಟಿಯನ್ನೇ ಧರ್ಮಸಭೆ ಈ ಕೆಲಸಕ್ಕೆ ಮೀಸಲಿಡುತ್ತದೆ! 1983ರ ಧರ್ಮಸಭೆಯ ಕಾನೂನು ಸಂಹಿತೆಯ 211ನೇ ವಿಧಿಯೂ ದೇವರ ಸಂದೇಶ ಎಲ್ಲರಿಗೂ ತಲುಪುವಂತೆ ದುಡಿಯುವುದು ಕ್ರೈಸ್ತ ವಿಶ್ವಾಸಿಗಳೆಲ್ಲರ ಕರ್ತವ್ಯ ಎನ್ನುತ್ತದೆ, ಜೊತೆಗೆ ಅದು ಅವರ ಹಕ್ಕು ಎಂದೂ ಹೇಳುತ್ತದೆ.

ಆದಿ ಧರ್ಮಸಭೆಯಲ್ಲಿ ನಡೆದದ್ದೂ ಹೀಗೆಯೇ. ಸ್ತೇಫನರು ರಕ್ತಸಾಕ್ಷಿಯಾದ ದಿನವೇ ಜೆರುಸಲೇಮಿನಲ್ಲಿ ಹಿಂಸೆ ಭುಗಿಲೆದ್ದಿತು. ಪ್ರೇಷಿತರು ಊರಿನಲ್ಲೇ ಉಳಿದರು. ಚದುರಿಹೋದವರು ಸಾಮಾನ್ಯ ವಿಶ್ವಾಸಿಗಳು. ಹೋದ ಹೋದಲ್ಲಿ ಅವರು ಸಂದೇಶವನ್ನು ಸಾರಿದರು ಎಂದು ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯ ತಿಳಿಸುತ್ತದೆ. ಅವರಲ್ಲಿ ಸೈಪ್ರಸ್ ಮತ್ತು ಸಿರೇನಿನ ಕೆಲವರು ಅಂತಿಯೋಕ್ಯ ಪಟ್ಟಣಕ್ಕೆ ಬಂದು, ಯೆಹೂದ್ಯರಲ್ಲದ ಗ್ರೀಕರೊಡನೆಯೂ ಪ್ರಭು ಯೇಸುವಿನ ಬಗ್ಗೆ ಮಾತಾಡಿದರು. ಬಾರ್ನಬರೂ ಪೌಲರೂ ಅಲ್ಲಿಗೆ ಬಂದದ್ದು ಆಮೇಲೆ. ಯೇಸುವಿನ ಶಿಷ್ಯರನ್ನು ಮೊಟ್ಟಮೊದಲಿಗೆ ಕ್ರೈಸ್ತರೆಂದು ಕರೆದದ್ದು ಆ ಊರಿನಲ್ಲೇ. ಅಷ್ಟು ದೊಡ್ಡ ಸಭೆಗೆ ಅಡಿಗಲ್ಲು ಹಾಕಿದ ಆ ಜನರ ಹೆಸರೇನು? ಸಂತ ಲೂಕರು ಬರೆದಿಲ್ಲ.

ನಮ್ಮ ನೆರೆಯ ತಿರುವಾಂಕೂರಿನಲ್ಲಿ ನಡೆದ ಸಂಗತಿಯೊಂದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. 1741ರಲ್ಲಿ ಕೊಳಚಲ್ ಕದನದಲ್ಲಿ ರಾಜ ಮಾರ್ತಾಂಡವರ್ಮನು ಡಚ್ಚರನ್ನು ಸೋಲಿಸಿದನು. ಸೆರೆಸಿಕ್ಕವರಲ್ಲಿ ಯುಸ್ಟಾಷಿಯಸ್ ಡಿ ಲನಾಯ್ ಎಂಬ ಅಧಿಕಾರಿಯೂ ಇದ್ದ. ಡಚ್ಚರ ಕಂಪನಿಯ ಚಾಕರಿಯಲ್ಲಿದ್ದರೂ ಆತ ಕಥೋಲಿಕ. ಅವನ ಸಾಮರ್ಥ್ಯ ಕಂಡ ರಾಜನು ತನ್ನ ಸೈನ್ಯಕ್ಕೆ ತರಬೇತಿ ಕೊಡಲು ಅವನನ್ನೇ ನೇಮಿಸಿದನು. ಅರಮನೆಯ ಸೇವೆಯಲ್ಲಿದ್ದ, ನಟ್ಟಾಲಂ ಊರಿನ ನೀಲಕಂಠ ಪಿಳ್ಳೆ ಎಂಬುವರಿಗೂ ಇವನಿಗೂ ಕೆಲಸದ ಸಂಬಂಧದಿಂದ ಸ್ನೇಹ ಬೆಳೆಯಿತು. ಆ ಸಮಯದಲ್ಲಿ ನೀಲಕಂಠರ ಮನೆಯಲ್ಲಿ ಕಷ್ಟದ ಮೇಲೆ ಕಷ್ಟ. ದನಕರು ಸತ್ತವು, ಬೆಳೆ ಹಾಳಾಯಿತು. ಗೆಳೆಯನ ಮುಖ ಬಾಡಿದ್ದನ್ನು ಕಂಡು ಡಿ ಲನಾಯ್ ಕಾರಣ ಕೇಳಿದನಂತೆ. ಎಲ್ಲವನ್ನೂ ಕಳೆದುಕೊಂಡರೂ ದೇವರನ್ನು ಬಿಡದ ಯೋಬನ ಕಥೆಯನ್ನು ಆಗ ಹೇಳಿದನಂತೆ. ಅಲ್ಲಿಂದ ಶುರುವಾದ ಮಾತು ಮುಂದುವರಿಯಿತು. ನೀಲಕಂಠರೇ ಹೆಚ್ಚು ತಿಳಿಯಬೇಕೆಂದು ಬಯಸಿದಾಗ ಅವರನ್ನು ವಡಕ್ಕನ್‌ಕುಳಂನಲ್ಲಿದ್ದ ಯೇಸುಸಭೆಯ ಗುರು ಬುತ್ತಾರಿಯವರ ಬಳಿಗೆ ಕಳುಹಿಸಿಕೊಟ್ಟನು. 1745ರ ಮೇ 14ರಂದು ಅವರಿಗೆ ಜ್ಞಾನಸ್ನಾನವಾಯಿತು; ಲಾಜರ ಎಂಬ ಹೆಸರಿನ ಅರ್ಥವನ್ನೇ ಹಿಡಿದು ದೇವಸಹಾಯಂ ಎಂದು ಕರೆದರು.

ಮುಂದಿನದು ನಿಮಗೆ ಗೊತ್ತಿದೆ. 1749ರಲ್ಲಿ ಸೆರೆ, ಎಮ್ಮೆಯ ಮೇಲೆ ಕೂರಿಸಿ ಊರೂರು ಮೆರವಣಿಗೆ, ಚಿತ್ರಹಿಂಸೆ, ಕೊನೆಗೆ 1752ರ ಜನವರಿ 14ರಂದು ಕಾಟ್ಟಾಡಿಮಲೆಯಲ್ಲಿ ಗುಂಡೇಟು. 2022ರ ಮೇ 15ರಂದು ಜಗದ್ಗುರು ಫ್ರಾನ್ಸಿಸ್‌ರವರು ಅವರನ್ನು ಸಂತರೆಂದು ಸಾರಿದರು. ಭಾರತದ ಶ್ರೀಸಾಮಾನ್ಯ ವಿಶ್ವಾಸಿಗಳಲ್ಲಿ ಮೊದಲ ಸಂತರು ಅವರು. ಅಂದು ಎಲ್ಲೆಡೆ ಸಂತ ದೇವಸಹಾಯಂರವರ ಗುಣಗಾನ ನಡೆಯಿತು, ಅದು ಸರಿಯೇ. ಆದರೆ ಉದಯಗಿರಿ ಕೋಟೆಯೊಳಗಿನ ಪಾಳುಬಿದ್ದ ಪ್ರಾರ್ಥನಾಲಯದಲ್ಲಿ 1777ರಿಂದ ಮಲಗಿರುವ ಆ ಸೈನಿಕನನ್ನು ಎಷ್ಟು ಮಂದಿ ನೆನೆದರೋ!

ಆತ ಮಾಡಿದ್ದಾದರೂ ಏನು? ಪ್ರಬೋಧನೆ ಕೊಡಲಿಲ್ಲ, ಗೆಳೆಯನ ಮನೆಯವರ ದೇವರನ್ನು ಹಳಿಯಲಿಲ್ಲ, ಏನನ್ನೂ ಕೊಡುತ್ತೇನೆಂದು ಆಸೆ ತೋರಿಸಲಿಲ್ಲ. ಪರದೇಶದ ಸೆರೆಯಾಳು ತಾನೇ ಕೊಡುವುದಕ್ಕೆ ಏನಿತ್ತು? ನೊಂದವನನ್ನು ಗುರುತಿಸಿದನು, ವಿಚಾರಿಸಿದನು, ತನ್ನನ್ನು ಹಿಡಿದು ನಿಲ್ಲಿಸಿದ್ದ ವಿಶ್ವಾಸವನ್ನು ನಾಚಿಕೆಯಿಲ್ಲದೆ ಹಂಚಿಕೊಂಡನು. ಇನ್ನೊಂದು ವಿಷಯ. ಹೇಳಬೇಕಾದ ಗಳಿಗೆ ಬಂದಾಗ ಯೋಬನ ಕಥೆ ಅವನಿಗೆ ಗೊತ್ತಿತ್ತು. ನಮ್ಮ ಎಷ್ಟೋ ಮನೆಗಳಲ್ಲಿ ಪವಿತ್ರ ಬೈಬಲ್ ಷೋಕೇಸಿನ ಗಾಜಿನ ಹಿಂದೆ ಭದ್ರವಾಗಿದೆ, ಮದುವೆಯ ಉಡುಗೊರೆಯಾಗಿ ಬಂದ ಹೊಳಪು ಇನ್ನೂ ಮಾಸಿಲ್ಲ. ನಮ್ಮ ಗೆಳೆಯರು ನೊಂದು ಎದುರಿಗೆ ಕುಳಿತಾಗ ಹೇಳಲಿಕ್ಕೆ ನಮ್ಮ ಬಳಿ ಏನಿರುತ್ತದೆ?

ಇನ್ನು ಭಯದ ವಿಷಯ. ಇದನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತಿತರ ಕಡೆ ದೇವಾಲಯಗಳ ಮೇಲೆ ನಡೆದ ದಾಳಿಯನ್ನು ಕಂಡವರು ನಮ್ಮ ನಡುವೆಯೇ ಇದ್ದಾರೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರದ ಬಗ್ಗೆ ಕಾಯ್ದೆ ಬಂದಿತು. 2023ರ ಜೂನ್‌ನಲ್ಲಿ ಅದನ್ನು ಹಿಂತೆಗೆದುಕೊಳ್ಳಲು ಸಚಿವ ಸಂಪುಟ ತೀರ್ಮಾನಿಸಿತು. ಈ ಗದ್ದಲದಲ್ಲಿ ವಿಶ್ವಾಸದ ಬಗ್ಗೆ ಬಾಯಿಬಿಡುವುದೇ ಅಪರಾಧವೆಂದು ಕೆಲವರು ತಿಳಿದಂತಿದೆ. ಹಾಗಿಲ್ಲ. ನಮ್ಮ ಸಂವಿಧಾನದ 25ನೇ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. 1977ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರಿಸುತ್ತಾ, ಪ್ರಸಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. ಈ ತೀರ್ಪಿನ ಬಗ್ಗೆ ವಾದವಿವಾದಗಳಿವೆ. ಆದರೆ ಬಲಾತ್ಕಾರ, ಆಮಿಷಗಳ ಮಟ್ಟಿಗೆ ನಾವು ನ್ಯಾಯಾಲಯಕ್ಕಾಗಿ ಕಾಯಬೇಕಾಗಿರಲಿಲ್ಲ. 1965ರಲ್ಲೇ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಯಾರನ್ನೂ ಬಲವಂತದಿಂದಲೋ ತಂತ್ರದಿಂದಲೋ ವಿಶ್ವಾಸಕ್ಕೆ ಸೆಳೆಯಕೂಡದೆಂದು ಕಟ್ಟುನಿಟ್ಟಾಗಿ ಹೇಳಿದೆ. ಮನಸ್ಸನ್ನು ತಿರುಗಿಸುವವರು ಪವಿತ್ರಾತ್ಮರು. ನಮಗೆ ಒಪ್ಪಿಸಿರುವುದು ಕೇಳಿದವರಿಗೆ ನಮ್ಮ ನಿರೀಕ್ಷೆಯ ಕಾರಣವನ್ನು ವಿನಯದಿಂದ ತಿಳಿಸುವುದು. ಸಂತ ಪೇತ್ರರು ತಮ್ಮ ಮೊದಲನೆಯ ಪತ್ರದ 3ನೇ ಅಧ್ಯಾಯದಲ್ಲಿ ಹೇಳುವುದು ಇದನ್ನೇ. ಅವರೂ ಹಿಂಸೆಗೆ ಗುರಿಯಾಗಿದ್ದ ಜನರಿಗೇ ಬರೆದರು ಎಂಬುದನ್ನು ಮರೆಯಬಾರದು.

ಹಾಗಾದರೆ ಲಕೋಟೆ ಬೇಡವೇ? ಖಂಡಿತ ಬೇಕು. ಅದನ್ನು ಆರಂಭಿಸಿದ್ದೇ ಒಬ್ಬ ಶ್ರೀಸಾಮಾನ್ಯ ಹೆಣ್ಣುಮಗಳು. ಫ್ರಾನ್ಸಿನ ಲಿಯೋನ್ ಪಟ್ಟಣದ ಪೌಲಿನ್ ಜರಿಕೋ ರೇಷ್ಮೆ ಕಾರ್ಖಾನೆಯ ಕೆಲಸಗಾರ್ತಿಯರನ್ನು ಹತ್ತು ಹತ್ತು ಮಂದಿಯ ಗುಂಪು ಮಾಡಿ, ವಾರಕ್ಕೊಂದು ಚಿಕ್ಕಾಸು ಕೂಡಿಸಿದರು, ಜೊತೆಗೆ ಪ್ರಾರ್ಥನೆಯನ್ನೂ ಮಾಡಿಸಿದರು. 1822ರಲ್ಲಿ ಅದೇ ವಿಶ್ವಾಸ ಪ್ರಸಾರ ಸಂಘವಾಯಿತು. ಅವರ ಕಾಸು ಮೊದಲು ಸೇರಿದ್ದು ಪ್ಯಾರಿಸ್ಸಿನ ವಿದೇಶೀ ಪ್ರೇಷಿತ ಸಂಸ್ಥೆಗೆ. 19ನೇ ಶತಮಾನದಲ್ಲಿ ಮೈಸೂರು ಸೀಮೆಯಲ್ಲಿ ದುಡಿದ ಗುರುಗಳು ಆ ಸಂಸ್ಥೆಯವರೇ. ನಮ್ಮ ಲಕೋಟೆಯ ಹಣ ಇಂದಿಗೂ ಸೇರುವುದು ಆಕೆ ಕಟ್ಟಿದ ಆ ಸಂಘಕ್ಕೆ.

ಪ್ರೇಷಿತ ಭಾನುವಾರ ಕಳೆದು ಎರಡು ತಿಂಗಳಿಗೆ ಕ್ರಿಸ್‌ಮಸ್ ಹಬ್ಬ. ಅಕ್ಕಪಕ್ಕದ ಮನೆಯವರು ಗೋದಲಿ ನೋಡಲು ಬರುತ್ತಾರೆ. ಅವರ ಮಕ್ಕಳು, "ಈ ಪಾಪುವನ್ನು ಹುಲ್ಲಿನ ಮೇಲೆ ಯಾಕೆ ಮಲಗಿಸಿದ್ದೀರಿ ಆಂಟಿ?" ಎಂದು ಕೇಳಿಯೇ ಕೇಳುತ್ತಾರೆ. ನಾವು ಕೈಗೆ ಕೇಕ್ ಕೊಟ್ಟು ಮಾತು ಮರೆಸುತ್ತೇವೆ. ಎರಡು ನಿಮಿಷದಲ್ಲಿ ಹೇಳಬಹುದಾದ ಕಥೆ ಅದು. ಈ ಭಾನುವಾರ ಸಂಜೆ ಜಪಸರ ಮುಗಿದ ಮೇಲೆ ಸಂತ ಲೂಕರ ಶುಭಸಂದೇಶದ 2ನೇ ಅಧ್ಯಾಯವನ್ನು ಓದಿ, ಆ ಕಥೆಯನ್ನು ತಮ್ಮದೇ ಮಾತಿನಲ್ಲಿ ಹೇಳಲು ಮಕ್ಕಳಿಗೆ ಬಿಡೋಣ. ತಡವರಿಸಿದ ಕಡೆ ಅಜ್ಜಿಯೋ ತಾತನೋ ಎತ್ತಿಕೊಡಲಿ.