ಅಕ್ಕಮಹಾದೇವಿಗೆ ಮದುವೆ ಆಗಿತ್ತೋ, ಇಲ್ಲವೋ?



ಕಳೆದ ತಿಂಗಳು ಒಂದು ಕಾದಂಬರಿಯ ದೆಸೆಯಿಂದ ನಮ್ಮ ಮನೆಯಲ್ಲಿ ಜಗಳ ಆಯಿತು. ಅದರ ಹೆಸರು ‘ಕದಳಿಯ ಕರ್ಪೂರ’. ಬರೆದವರು ಎಚ್. ತಿಪ್ಪೇರುದ್ರಸ್ವಾಮಿ. ಇವರು 1928ರಲ್ಲಿ ಹೊನ್ನಾಳಿಯಲ್ಲಿ ಹುಟ್ಟಿದವರು. ಆಗ ಹೊನ್ನಾಳಿ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು. ಕತೆ 12ನೇ ಶತಮಾನದ ಅಕ್ಕಮಹಾದೇವಿಯದು. ಅವಳ ಊರು ಉಡುತಡಿ, ಶಿಕಾರಿಪುರ ತಾಲ್ಲೂಕು, ಬಳ್ಳಿಗಾವಿಯ ಹತ್ತಿರ. ನಮ್ಮ ಗುಡವಿಯ ಹಕ್ಕಿ ನೋಡಲು ಎಲ್ಲಿಂದಲೋ ಜನ ಬರುತ್ತಾರೆ, ನಾನು ಮಾತ್ರ ಇನ್ನೂ ಉಡುತಡಿ ನೋಡಿಲ್ಲ!

ಕೌಶಿಕ ಎಂಬ ರಾಜ ಮಹಾದೇವಿಯನ್ನು ಮೆಚ್ಚಿ ಮದುವೆಗೆ ಕೇಳಿದ. ಇಲ್ಲಿವರೆಗೆ ಎಲ್ಲರೂ ಒಪ್ಪುತ್ತಾರೆ. ಮುಂದೆ ಏನಾಯ್ತು? ‘ಅವಳು ಮದುವೆನೇ ಆಗ್ಲಿಲ್ಲ’ ಅಂತ ಅಜ್ಜಿ. ‘ಆಗಿ ಬಿಟ್ಟು ಹೋದಳು’ ಅಂತ ನಮ್ಮಕ್ಕ. ನಾನು ಕನ್ನಡ ಮೇಷ್ಟ್ರನ್ನು ಕೇಳಿದೆ. ಅವರು ನಕ್ಕು, ಇಬ್ಬರ ಮಾತಿಗೂ ಹಳೇ ಪುಸ್ತಕ ಇದೆ ಅಂದರು.

ಹರಿಹರ ಕವಿಯ ರಗಳೆಯಲ್ಲಿ ಮದುವೆ ಆಗುತ್ತದೆ. ಆದರೆ ಮಹಾದೇವಿ ಮೊದಲೇ ಕರಾರು ಹಾಕುತ್ತಾಳೆ. ನನ್ನ ಇಷ್ಟದಂತೆ ಲಿಂಗಪೂಜೆ ಮಾಡುತ್ತೇನೆ, ಶಿವಭಕ್ತರ ಜೊತೆ ಇರುತ್ತೇನೆ, ಗುರುಸೇವೆ ಮಾಡುತ್ತೇನೆ, ತಡೆಯಬಾರದು. ಮೂರು ತಪ್ಪು ಸಹಿಸುತ್ತೇನೆ, ಆಮೇಲೆ ಇಲ್ಲ. ರಾಜ ಮೂರು ಸಲವೂ ತಪ್ಪಿದ. ಅವಳು ಅರಮನೆ ಬಿಟ್ಟು ಹೊರಟೇಬಿಟ್ಟಳು. 15ನೇ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಮದುವೆಯೇ ಇಲ್ಲ. ಅಪ್ಪ ಅಮ್ಮನ ಹೆಸರೂ ಬೇರೆ ಬೇರೆ! ಚಾಮರಸ ನಿರ್ಮಲ, ಸುಮತಿ ಅನ್ನುತ್ತಾನೆ. ಹರಿಹರ ಶಿವಭಕ್ತ, ಶಿವಭಕ್ತೆ ಅಂತಷ್ಟೇ ಹೇಳುತ್ತಾನೆ.

ಐತಿಹಾಸಿಕ ಕಾದಂಬರಿ ಬರೆಯುವವರಿಗೆ ಇದೇ ಕಷ್ಟ. ಎರಡರಲ್ಲಿ ಒಂದು ದಾರಿ ಹಿಡಿಯಲೇಬೇಕು. ಆಮೇಲೆ ಮನೆಯವರ ಮಾತು, ಮನಸ್ಸಿನ ಯೋಚನೆ, ಕಲ್ಯಾಣದ ದಾರಿಯ ಬಿಸಿಲು ಮಳೆ ಎಲ್ಲಾ ತಾವೇ ಕಟ್ಟಬೇಕು. ಅದು ಸುಳ್ಳು ಅಲ್ಲ, ಹಾಗಂತ ಚರಿತ್ರೆಯೂ ಅಲ್ಲ. ನಾನು ಮೊದಲು ಅಚ್ಚಾಗಿದ್ದೆಲ್ಲಾ ನಿಜ ಅಂದುಕೊಂಡಿದ್ದೆ.

ಬೇರೆ ದೇಶದಲ್ಲೂ ಹೀಗೇ ಇದೆಯಂತೆ. ರೋಮ್‌ನಲ್ಲಿ ಆಗ್ನೆಸ್ ಎಂಬ ಕ್ರೈಸ್ತ ಹುಡುಗಿ ಮದುವೆ ಬೇಡ, ದೇವರೇ ಸಾಕು ಅಂದಳು. ಅವಳನ್ನು ಕೊಂದರು. ಆಗ ಅವಳಿಗೆ 12 ಅಥವಾ 13 ವರ್ಷ ಅನ್ನುತ್ತಾರೆ, ಅಂದರೆ ನಮ್ಮ ವಯಸ್ಸು! 1854ರಲ್ಲಿ ವೈಸ್‌ಮನ್ ಎಂಬ ಪಾದ್ರಿ ‘ಫಾಬಿಯೋಲಾ’ ಎಂಬ ಇಂಗ್ಲಿಷ್ ಕಾದಂಬರಿಯಲ್ಲಿ ಅವಳ ಕತೆ ತಂದರು. ಆದರೆ ಆಗ್ನೆಸ್ ಬರೆದ ಮಾತು ಒಂದೂ ಉಳಿದಿಲ್ಲ. ನಮ್ಮ ಮಹಾದೇವಿಯ ವಚನಗಳು ಉಳಿದಿವೆ, ಅಂಕಿತ ಚೆನ್ನಮಲ್ಲಿಕಾರ್ಜುನ. ಶ್ರೀಶೈಲದ ಆ ಮಲ್ಲಿಕಾರ್ಜುನನೇ ತನ್ನ ಗಂಡ ಅಂತ ಅವಳೇ ಹೇಳಿಕೊಂಡಿದ್ದಾಳೆ. ಕವಿಗಳ ಜಗಳ ಏನೇ ಇರಲಿ, ಇದು ಅವಳ ಬಾಯಿಂದ ಬಂದ ಮಾತು.

ತಿಪ್ಪೇರುದ್ರಸ್ವಾಮಿಯವರು ಯಾವ ದಾರಿ ಹಿಡಿದರು ಅಂತ ನಾನು ಹೇಳುವುದಿಲ್ಲ. ಓದಿ ನೋಡಿ.

ನಮ್ಮಕ್ಕನಿಗೆ ಹರಿಹರನ ಕತೆಯೇ ಇಷ್ಟ. ಪಿಯುಸಿ ಮುಗಿದಿದೆ, ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ಮೊನ್ನೆ ಊಟಕ್ಕೆ ಕೂತಾಗ ಅವಳು ಅಪ್ಪನಿಗೆ, ‘ನಂದೂ ಒಂದು ಕರಾರು. ಡಿಗ್ರಿ ಮುಗೀಬೇಕು’ ಅಂದಳು. ಅಜ್ಜಿ ಬಾಯಿ ಮುಚ್ಚಿಕೊಂಡು ನಕ್ಕರು. ಅಪ್ಪ ಇನ್ನೂ ಏನೂ ಹೇಳಿಲ್ಲ.